ಗಿರಿಜಮ್ಮನನ್ನು ಹಾಸಿಗೆ ಹಿಡಿಸಿದ ಅರ್ಜಿ

ನನ್ನ ಗಂಡ ರಘೋತ್ತಮರಾಯರು ಕಾಯಿಲೆ ಬೀಳಿಸಿದವರ ಲೆಕ್ಕ ಯಾವ ಆಸ್ಪತ್ರೆಯಲ್ಲೂ ಸಿಗುವುದಿಲ್ಲ. ಬಾಗಲಕೋಟೆಯ ಒಬ್ಬ ಅಜ್ಜನಿಗೆ ಲಕ್ವ ಹೊಡೆಸಿದವರು ಇವರು. ಗದಗಿನ ಒಬ್ಬ ತಾಯಿಗೆ ಎರಡೂ ಕಣ್ಣು ಕಾಣದಂತೆ ಮಾಡಿದವರೂ ಇವರೇ. ಆ ತಾಯಿ ಆಮೇಲೆ ಎಷ್ಟೋ ವರ್ಷ ತಾನೇ ಸೂಜಿಗೆ ದಾರ ಪೋಣಿಸಿಕೊಂಡು ಕೌದಿ ಹೊಲಿಯುತ್ತಿದ್ದಳು, ಆ ಮಾತು ಬೇರೆ.

ಗಾಬರಿಯಾಗಬೇಡಿ. ನಮ್ಮವರು ಮಾಟ ಮಾಡುವವರಲ್ಲ, ಬ್ಯಾಂಕಿನವರು. ಕರ್ನಾಟಕದಿಂದ ಮಹಾರಾಷ್ಟ್ರಕ್ಕೆ ವರ್ಗವಾಗಿ ಬಂದ ನಮ್ಮಂಥವರಿಗೆಲ್ಲ ಒಂದೇ ಜಪ: ಊರ ಕಡೆಗೆ ಟ್ರಾನ್ಸ್‌ಫರ್. ಅದಕ್ಕೊಂದು ಅರ್ಜಿ ಬೇಕು. ಅರ್ಜಿಗೆ ಊರಲ್ಲೊಬ್ಬ ರೋಗಿ ಬೇಕು. "ವೃದ್ಧ ತಾಯಿ ಹಾಸಿಗೆ ಹಿಡಿದಿದ್ದಾರೆ, ಆರೈಕೆಗೆ ನನ್ನ ವಿನಾ ಯಾರೂ ಇಲ್ಲ" ಎಂದು ಮೇಲಿನವರ ಕರುಳು ಕಿವುಚುವಂತೆ ಇಂಗ್ಲಿಷಿನಲ್ಲಿ ಬರೆಯಬಲ್ಲವರೂ ಬೇಕು. ನಾಸಿಕದ ಶಾಖೆಯಲ್ಲಿದ್ದಾಗ ಇವರು ಶುರುಮಾಡಿದ ಈ ಪರೋಪಕಾರ ಔರಂಗಾಬಾದಿಗೆ ಬಂದ ಮೇಲೆ ಇನ್ನೂ ಬೆಳೆಯಿತು. ಭಾನುವಾರ ಬಂತೆಂದರೆ ಚಿಕಲಠಾಣಾ, ಖುಲ್ತಾಬಾದ್ ಕಡೆಯ ಶಾಖೆಗಳವರೆಲ್ಲ ನಮ್ಮ ಮನೆಯಲ್ಲಿ ಠಳಾಯಿಸುತ್ತಿದ್ದರು. ಚಹಾ ಮಾಡಿ ಮಾಡಿ ನನಗೆ ಸಾಕುಬೇಕಾಗುತ್ತಿತ್ತು. ಇವರು ಯಾರ ಹತ್ತಿರವೂ ಒಂದು ಬಾಳೆಹಣ್ಣು ಸಹ ತೆಗೆದುಕೊಂಡವರಲ್ಲ. ಒಳ್ಳೆಯ ಮನುಷ್ಯ. ನನ್ನ ತಕರಾರೂ ಅದೇ. ಕೆಟ್ಟವರಾಗಿದ್ದರೆ ಜಗಳವಾಡಿ ಮುಗಿಸುತ್ತಿದ್ದೆ.

ನಾಸಿಕದ ಪರಿಚಯಗಳಲ್ಲಿ ನಮಗೆ ಉಳಿದುಕೊಂಡದ್ದು ಹಿರಿಯಣ್ಣನವರ ಮನೆ. ಅವರು ತುಮಕೂರು ಕಡೆಯವರು, ಓಝರ್‌ನ ವಿಮಾನ ಕಾರ್ಖಾನೆಯಲ್ಲಿ ಎಂಜಿನಿಯರು. ಹೆಂಡತಿ ಗಿರಿಜಮ್ಮ ಗಟ್ಟಿ ಹೆಂಗಸು. ಸಿಲಿಂಡರನ್ನು ತಾವೇ ಉರುಳಿಸಿಕೊಂಡು ಒಳಗೆ ತರುವವರು. ಒಬ್ಬಳೇ ಮಗಳು ವನಜಾ. ನಮ್ಮನ್ನು ಕಾಕಾ, ಕಾಕು ಎಂದು ಕರೆಯುತ್ತಾಳೆ. ಪುಣೆಯಲ್ಲಿ ಭೂವಿಜ್ಞಾನದಲ್ಲಿ ಎಂ.ಎಸ್ಸಿ. ಮುಗಿಸಿ, ಮುಂದಿನ ಸಂಶೋಧನೆಗೆ ಇಂಗ್ಲೆಂಡಿನ ಒಂದು ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕುತ್ತಿದ್ದಳು. ಅಂಕಗಳ ಜೊತೆಗೆ ತನ್ನ ಬಗ್ಗೆ ತಾನೇ ಎರಡು ಪುಟ ಬರೆದು ಕಳಿಸಬೇಕಿತ್ತಂತೆ. ಯಾಕೆ ಓದಬೇಕು, ಇಲ್ಲಿಯವರೆಗೆ ಹೇಗೆ ಬಂದೆ, ಇತ್ಯಾದಿ. ತೊಂಬತ್ತೊಂದರ ಚಳಿಗಾಲದಲ್ಲಿ, ಬರೆದ ಹಾಳೆಗಳನ್ನು ಹಿಡಿದುಕೊಂಡು ಹುಡುಗಿ ಎಸ್‌ಟಿ ಬಸ್ಸಿನಲ್ಲಿ ನಮ್ಮ ಮನೆಗೆ ಬಂದಿಳಿದಳು.

"ಕಾಕಾ, ಇಂಗ್ಲಿಷ್ ಸ್ವಲ್ಪ ನೋಡಿ ಕೊಡಿ, ಬಸ್" ಎಂದಳು. ಕೇಳಿದ್ದು ಅಷ್ಟೇ.

ಅವಳು ಬರೆದದ್ದನ್ನು ನನಗೆ ಕನ್ನಡದಲ್ಲಿ ಹೇಳಿದ್ದಳು. ಚಿಕ್ಕವಳಿದ್ದಾಗ ಕಾಲನಿಯ ಹಿಂದೆ ಬಾವಿ ತೋಡುತ್ತಿದ್ದರಂತೆ. ಕರಿಕಲ್ಲು ಒಡೆದಾಗ ಅದರ ಹೊಟ್ಟೆಯೊಳಗೆ ಬಿಳಿಯ ಹರಳುಗಳು, ಮುಟ್ಟಿದರೆ ಸೂಜಿಯಂತೆ ಚುಚ್ಚುವಂಥವು. ಇಷ್ಟು ಕಪ್ಪು ಕಲ್ಲಿನೊಳಗೆ ಇದು ಹೇಗೆ ಬಂತು ಎಂದು ಅವತ್ತು ಹಿಡಿದ ಹುಚ್ಚು ಇವತ್ತಿಗೂ ಬಿಟ್ಟಿಲ್ಲವಂತೆ. ಕೇಳುತ್ತಾ ಕೇಳುತ್ತಾ ನನ್ನ ಒಗ್ಗರಣೆ ಸೀದುಹೋಯಿತು. ಅಷ್ಟು ಚಂದ ಹೇಳುತ್ತಿದ್ದಳು.

ನಮ್ಮವರು ಓದಿದರು. ಕನ್ನಡಕ ತೆಗೆದರು. "ಹುಚ್ಚ ಹುಡುಗಿ, ಕಲ್ಲಿನ ಕತಿ ತಗೊಂಡು ಅವರೇನು ಮಾಡ್ತಾರವಾ? ಮ್ಯಾಲಿನವರ ಮನಸು ಕರಗಬೇಕು, ಮನಸು!" ಎಂದು ಹೊಸ ಹಾಳೆ ಎಳೆದುಕೊಂಡು ಕೂತರು.

ಮುಂದಿನದನ್ನು ವನಜಾ ನನಗೆ ಹೇಳಿದ್ದು ಆಮೇಲೆ. ಕೈ ರೂಢಿಯಾಗಿತ್ತಲ್ಲ, ಎರಡನೆಯ ಪ್ಯಾರಾಕ್ಕೇ ಗಿರಿಜಮ್ಮನನ್ನು ಮಲಗಿಸಿಬಿಟ್ಟಿದ್ದರು. ತಾಯಿ ವರ್ಷಗಳಿಂದ ಹಾಸಿಗೆ ಹಿಡಿದಿದ್ದಾರೆ, ತಂದೆಗೆ ಕಾರ್ಖಾನೆಯ ದುಡಿತ, ಆರೈಕೆಗೆ ನನ್ನ ವಿನಾ ಯಾರೂ ಇಲ್ಲ, ಇಂಥ ಸ್ಥಿತಿಯಲ್ಲೂ ಓದಿ ಮೇಲೆ ಬಂದವಳು ನಾನು, ದಯಮಾಡಿ ಅನುಗ್ರಹಿಸಬೇಕು. "ಪಣ್ ಕಾಕಾ, ಅಮ್ಮ ಏಕದಮ್ ಠೀಕ್ ಇದಾಳಲ್ಲ!" ಎಂದು ಅರ್ಧ ಮರಾಠಿಯಲ್ಲಿ ತಡೆದಳಂತೆ ಹುಡುಗಿ. "ಇರ್ಲಿ ಬಿಡು, ಆಕಿಗೇನು ಖರೇನ ಜಡ್ಡು ಬರ್ತದೇನು? ಎಷ್ಟು ಮಂದೀನ ಇದರ ಮ್ಯಾಲೆ ಊರು ಮುಟ್ಟಿಸೀನಿ ನಾನು" ಎಂದು ಇವರು ಸಮಾಧಾನ ಹೇಳಿದರಂತೆ. ಇಂಗ್ಲಿಷ್ ಬಲ್ಲ ಹಿರಿಯರು, ತಿಳಿದವರು ಎಂದು ನಂಬಿ ಅವಳು ಟೈಪು ಮಾಡಿಸಿ ಸಹಿ ಹಾಕಿದಳು.

ಮೇ ತಿಂಗಳ ಉರಿಬಿಸಿಲಿನಲ್ಲಿ ಹುಡುಗಿ ಮತ್ತೆ ಬಂದಳು. ನೀರು ಕೊಟ್ಟರೆ ಕುಡಿಯಲಿಲ್ಲ. ವಿಶ್ವವಿದ್ಯಾಲಯದ ಉತ್ತರವನ್ನು ಇವರ ಕೈಗಿಟ್ಟು ಗೋಡೆಗೆ ಒರಗಿ ನಿಂತಳು. ಇವರು ಓದಿದರು, ಮತ್ತೆ ಓದಿದರು, ಆಮೇಲೆ ನನಗೆ ಅರ್ಥ ಹೇಳಿದರು. ಬಹಳ ಮರ್ಯಾದಸ್ಥರು ಬರೆದ ಕಾಗದ. ನಿಮ್ಮ ಅಂಕಗಳನ್ನು ಮೆಚ್ಚಿದ್ದೇವೆ. ಆದರೆ ನಿಮ್ಮ ತಾಯಿಗೆ ನೀವಲ್ಲದೆ ಯಾರೂ ಇಲ್ಲವೆಂದು ಬರೆದಿದ್ದೀರಿ. ಅಂಥವರಿಂದ ನಿಮ್ಮನ್ನು ವರ್ಷಗಟ್ಟಲೆ ದೂರ ಇರಿಸಲು ನಮಗೆ ಮನಸ್ಸು ಬರುತ್ತಿಲ್ಲ. ಮನೆಯ ಹತ್ತಿರದಲ್ಲೇ ಸಂಶೋಧನೆಗೆ ಅವಕಾಶ ಹುಡುಕಿಕೊಂಡರೆ ಒಳ್ಳೆಯದು. ತಾಯಿಯವರು ಬೇಗ ಗುಣವಾಗಲಿ.

ನೋಡಿ, ನಮ್ಮವರ ಅರ್ಜಿ ಎಂದೂ ಸುಳ್ಳಾಗುವುದಿಲ್ಲ. ತಾಯಿಯ ಹತ್ತಿರವೇ ಪೋಸ್ಟಿಂಗ್ ಕೊಡಿಸಿತ್ತು.

"ಕಾಕಾ, ಮನೇಲಿ ಇನ್ನೂ ಹೇಳಿಲ್ಲ. ಏನಂತ ಹೇಳಲಿ?" ಎಂದು ವನಜಾ ಅಳತೊಡಗಿದಳು.

ಇವರ ಮುಖ ನೋಡಲಾಗುತ್ತಿರಲಿಲ್ಲ. ಊಟಕ್ಕೆ ಕೂತು, ಅನ್ನ ಕಲಸಿ ಕಲಸಿ, ಒಂದು ತುತ್ತೂ ಬಾಯಿಗಿಡದೆ ಎದ್ದರು. "ಆ ಹುಡುಗಿ ಬಾಯಾಗ ಮಣ್ಣು ಹಾಕಿದೆ ಭಾನೂ. ಆಕಿ ತನ್ನ ಮಾತು ತಾನೇ ಬರದಿದ್ಲು. ನಾ ಯಾಕ ಕೈ ಹಾಕ್ಬೇಕಿತ್ತು?" ಎಂದು ಒಳಗೂ ಹೊರಗೂ ತಿರುಗಾಡಿದರು. ಸಂಜೆಯ ಹೊತ್ತಿಗೆ ನೋಡುತ್ತೇನೆ, ಪೆನ್ನು ಹಿಡಿದು ಕೂತಿದ್ದಾರೆ.

"ಮತ್ತೇನು ನಡಿಸೀರಿ?"

"ದೇವರ ದಯದಿಂದ ತಾಯಿ ಈಗ ಪೂರ್ತಿ ಗುಣಾ ಆಗ್ಯಾರ ಅಂತ ಒಂದು..."

ನನ್ನ ಪಿತ್ತ ನೆತ್ತಿಗೇರಿತು. "ಮಲಗಿಸಿದ್ದು ಸಾಲಲಿಲ್ಲಂತ ಈಗ ಎಬ್ಬಸ್ತೀರೇನು? ಆಕಿ ಏನು ನಿಮ್ಮ ಕೈಗೊಂಬಿ ಏನ್ರಿ? ಮದ್ಲು ಆ ಗಿರಿಜಮ್ಮಗ ಮಾರಿ ತೋರಿಸಿ ತಪ್ಪಾತಂತ ಹೇಳ್ರಿ. ಆಮ್ಯಾಲೆ ಪೆನ್ನು ಮುಟ್ಟೀರಂತ!" ಎಂದು ಕಾಗದವನ್ನು ಕಿತ್ತುಕೊಂಡೆ. ಅವರು ಪೆನ್ನಿಗೆ ಮುಚ್ಚಳ ಹಾಕಿದರು. ನನ್ನ ಬೈಗುಳ ಬೇಕಾಗಿಯೇ ಇತ್ತೋ ಏನೋ.

ಮರುದಿನ ಮೂವರೂ ಹೊರಟೆವು. ನಾಸಿಕದಲ್ಲಿ ಇಳಿದು ಓಝರ್ ಬಸ್ಸು ಹತ್ತಿದಾಗ ಇವರು, "ಇವತ್ತ ಅವರು ಮನಿಯಾಗ ಇರಲಿಕ್ಕಿಲ್ಲೇನೋ" ಎಂದರು. ಇರಬಾರದೆಂಬ ಆಸೆ ದನಿಯಲ್ಲಿ ಕೇಳಿಸುತ್ತಿತ್ತು.

ಗಿರಿಜಮ್ಮ ಇದ್ದರು. ಹಿರಿಯಣ್ಣ ಕಾರ್ಖಾನೆಗೆ ಹೋಗಿದ್ದರು. ಮಾಳಿಗೆಯ ಮೇಲೆ ಸಂಡಿಗೆ ಹಾಕಿ, ಸೆರಗು ಸೊಂಟಕ್ಕೆ ಸಿಗಿಸಿಕೊಂಡು ದಡದಡ ಇಳಿದು ಬಂದರು. "ಅಯ್ಯೋ, ಕಾಗದ ಹಾಕ್ಬಾರ್ದಿತ್ತಾ ರಾಯರೇ? ಬನ್ನಿ ಬನ್ನಿ, ಭಾನುಮತಿಯವರೇ, ಒಳಗೆ ತಣ್ಣಗಿದೆ" ಎಂದು ಮಂಚವನ್ನು ಒಬ್ಬರೇ ಫ್ಯಾನಿನ ಕೆಳಗೆ ಎಳೆದು ಹಾಕಿದರು. ಆ ಮಂಚ ನೋಡಿ ನಮ್ಮವರು ಕೂರಲಾರದೆ ನಿಂತೇ ಇದ್ದರು. ನಿಂತಲ್ಲಿಂದಲೇ ಎಲ್ಲ ಹೇಳಿದರು. ಒಂದನ್ನೂ ಮುಚ್ಚಿಡಲಿಲ್ಲ. ಹುಡುಗಿ ಬೇಡವೆಂದಳು, ಕೇಳದೆ ನಾನೇ ಬರೆದೆ ಎಂದರು. "ನನ್ನ ಕ್ಷಮಿಸ್ರಿ ಅಂತ ಕೇಳಾಕೂ ನನಗ ಬಾಯಿಲ್ಲ" ಎಂದು ಕೈ ಮುಗಿದರು.

ಗಿರಿಜಮ್ಮ ಬೈಯುತ್ತಾರೆಂದು ನಾನು ಕಾದೆ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವರು ರಾಯರ ಕಡೆ ತಿರುಗಲೇ ಇಲ್ಲ. ಮಗಳನ್ನು ನೋಡುತ್ತಿದ್ದರು.

"ನಾನು ಹಾಸಿಗೆ ಹಿಡಿದಿದೀನಿ, ನೋಡ್ಕೊಳ್ಳೋಕೆ ನೀನು ಬಿಟ್ರೆ ಯಾರೂ ಇಲ್ಲ ಅಂತ ತಾನೇ ಬರೆದಿದ್ದು?"

"ಹೂಂ" ಎಂದಳು ವನಜಾ.

"ಆದ್ರೂ ಕರೆಸ್ಕೊಳ್ಳಿ ಅಂತ ಕೇಳ್ಕೊಂಡಿದೀಯ. ಅದರ ಕೆಳಗೆ ನೀನು ಸಹಿ ಹಾಕಿದೀಯ."

"ಅಮ್ಮಾ, ಅದು ನಿಜ ಅಲ್ವಲ್ಲ!"

"ನಿಜವೇ ಆಗಿದ್ದಿದ್ರೆ? ನಾನು ಹಾಗೆ ಬಿದ್ದಿದ್ರೆ, ನೀನು ಹೋಗ್ತಿದ್ಯಾ ಪುಟ್ಟಿ?"

ನಮ್ಮವರು, "ಅಮ್ಮಾರ, ಆಕೀನ ಯಾಕ ಕೇಳ್ತೀರಿ, ತಪ್ಪು ನಂದು" ಎಂದು ನಡುವೆ ಬಂದರು. ಗಿರಿಜಮ್ಮ ಕೈ ಅಡ್ಡ ಹಿಡಿದರು. ಅವರಿಗೆ ಉತ್ತರ ಬೇಕಾಗಿತ್ತು.

ವನಜಾ ತಾಯಿಯ ಮುಖವನ್ನೇ ನೋಡಿದಳು. ಇಲ್ಲವೆಂದು ಒಂದು ಮಾತು ಅಂದುಬಿಡೇ ನನ್ನವ್ವಾ, ಇಷ್ಟು ಸುಳ್ಳಿನ ಜೊತೆ ಇನ್ನೊಂದು ನಡೆಯುತ್ತದೆ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ.

"ಹೋಗ್ತಿದ್ದೆ ಅಮ್ಮ" ಎಂದಳು ಅವಳು. "ಅಳ್ತಾ ಅಳ್ತಾ ಹೋಗ್ತಿದ್ದೆ. ಆದ್ರೂ ಹೋಗ್ತಿದ್ದೆ."

ಗಿರಿಜಮ್ಮ ತಾವೇ ಎಳೆದು ಹಾಕಿದ್ದ ಮಂಚದ ಅಂಚಿಗೆ ಕೂತರು. ಕೈಗೆ ಅಂಟಿದ್ದ ಸಂಡಿಗೆ ಹಿಟ್ಟನ್ನು ಉಗುರಿನಿಂದ ಕೆರೆದರು. ಆಮೇಲೆ, "ಹಾಗಾದ್ರೆ ಅದನ್ನೇ ಬರಿ. ನಿನಗೆ ಎಷ್ಟು ಬೇಕು ಅಂತ ಅವರಿಗೂ ಗೊತ್ತಾಗ್ಲಿ. ನೀನೇ ಬರಿ" ಎಂದು ಎದ್ದು ನಮ್ಮ ಊಟಕ್ಕೆ ಎಲೆ ಹಾಕಲು ಒಳಗೆ ಹೋದರು.

ವನಜಾ ಅವತ್ತೇ ಕೂತು ಬರೆದಳು. ಹಿಂದಿನದನ್ನು ಬೇರೆಯವರು ಬರೆದದ್ದು, ತಾಯಿ ಆರೋಗ್ಯವಾಗಿದ್ದಾರೆ, ಸುಳ್ಳಿಗೆ ಸಹಿ ಹಾಕಿದ್ದು ನನ್ನ ತಪ್ಪು ಎಂದು ಬರೆದು, ತನ್ನ ಬಿಳಿ ಹರಳಿನ ಮಾತನ್ನೂ ಬರೆದಳಂತೆ. ಇವರು ಕಾಮಾ ಸಹ ತಿದ್ದಲಿಲ್ಲ. ಆ ವರ್ಷ ಸೀಟು ಸಿಗಲಿಲ್ಲ, ಮತ್ತೆ ಅರ್ಜಿ ಹಾಕಬಹುದು ಎಂದು ವಿಶ್ವವಿದ್ಯಾಲಯದವರು ಬರೆದರು. ಮರುವರ್ಷ ಸಿಕ್ಕಿತು, ವಿದ್ಯಾರ್ಥಿವೇತನದ ಸಮೇತ.

ಅವಳನ್ನು ಕಳಿಸಲು ನಾವೂ ನಾಸಿಕಕ್ಕೆ ಹೋಗಿದ್ದೆವು. ಹಿರಿಯಣ್ಣ ಮಗಳನ್ನು ಕರೆದುಕೊಂಡು ಮುಂಬೈಗೆ ಹೊರಟರು. ಟ್ಯಾಕ್ಸಿ ಕಾಲನಿಯ ತಿರುವು ದಾಟುವವರೆಗೆ ಗಿರಿಜಮ್ಮ ನಗುನಗುತ್ತಾ ಕೈ ಬೀಸಿದರು. ನಮ್ಮವರಿಗೆ ಒಂದು ವರ್ಷದ ಭಾರ ಇಳಿದಂತಾಗಿರಬೇಕು. "ಅಂತೂ ನನ್ನ ತಪ್ಪಿನಿಂದ ಹುಡುಗಿಗೆ ಹಾನಿ ಆಗಲಿಲ್ಲ, ದೇವರು ದೊಡ್ಡಾಂವ" ಎಂದರು.

"ಅವಳಿಗೇನೂ ಆಗ್ಲಿಲ್ಲ ರಾಯರೇ" ಎಂದರು ಗಿರಿಜಮ್ಮ. ಸಿಟ್ಟಿರಲಿಲ್ಲ. ಕಣ್ಣು ಇನ್ನೂ ರಸ್ತೆಯ ಕಡೆಗೇ ಇತ್ತು. "ನೀವು ಹಾಗೆ ಬರೆಯದೇ ಇದ್ದಿದ್ರೆ ನಾನು ಅವಳನ್ನ ಆ ಮಾತು ಕೇಳ್ತಾನೇ ಇರಲಿಲ್ಲ. ಕೇಳದೇ ಇದ್ದಿದ್ರೆ ಚೆನ್ನಾಗಿತ್ತು."