ಮೂರನೇ ಅಭ್ಯರ್ಥಿಯ ಪುಸ್ತಕವೂ ಅದರ ಓದುಗರೂ

ನಾನು ಅಧ್ಯಕ್ಷ ಸ್ಥಾನಕ್ಕೆ ನಿಂತದ್ದು ದೇಶವೊಂದರಲ್ಲಲ್ಲ, ಒಂದು ಸಂಘದಲ್ಲಿ. ದುಬೈ, ಅಬುಧಾಬಿಗಳಲ್ಲಿ ಕೆಲಸಕ್ಕಿರುವ ನಮ್ಮ ಕರಾವಳಿಯವರು ಸೇರಿ ಕಟ್ಟಿಕೊಂಡ ಸಂಘ. ಅದರಲ್ಲೂ ಎರಡು ಪಕ್ಷಗಳಿದ್ದವು: ದುಬೈಯವರ ಬಣ, ಅಬುಧಾಬಿಯವರ ಬಣ. ಒಂದು ಅವಧಿ ಇವರು, ಮುಂದಿನ ಅವಧಿ ಅವರು. ಮಹಾಸಭೆಗೆ ವಾರ ಮೊದಲೇ ಯಾರದೋ ಮನೆಯ ಊಟದಲ್ಲಿ ಎಲ್ಲವೂ ತೀರ್ಮಾನವಾಗಿರುತ್ತಿತ್ತು. ಸಭೆಯಲ್ಲಿ ಒಬ್ಬರು ಸೂಚಿಸಿ, ಇನ್ನೊಬ್ಬರು ಅನುಮೋದಿಸಿ, ಉಳಿದವರು ಚಪ್ಪಾಳೆ ತಟ್ಟಿದರೆ ಅದು ಸರ್ವಾನುಮತ. ಆ ಸರ್ವರಲ್ಲಿ ಹೆಂಗಸರು ಇರಲಿಲ್ಲ. ನಾವು ಆ ಹೊತ್ತಿಗೆ ಅತಿಥಿಗಳಿಗೆ ಕೊಡುವ ಹೂಗುಚ್ಛ ಹಿಡಿದು ವೇದಿಕೆಯ ಪಕ್ಕದಲ್ಲಿ ನಿಂತಿರುತ್ತಿದ್ದೆವು. ಡ್ರೈವರುಗಳು, ಹೋಟೆಲುಗಳ ಅಡುಗೆಯವರು, ಆಸ್ಪತ್ರೆಗಳ ಆಯಾಗಳು ಕೂಡ ಆ ಸರ್ವರಲ್ಲಿ ಇರಲಿಲ್ಲ. ಇದು ತಪ್ಪು ಎಂದು ನಾನು ಹನ್ನೆರಡು ವರ್ಷ ಹೇಳಿದೆ. ಹೇಳಿ ದಣಿದು, ಎರಡೂ ಬಣಗಳಿಗೆ ಸೇರದ ಮೂರನೆಯವಳಾಗಿ ನಾನೇ ನಿಂತೆ. ಸಂಘ ಮೊದಲ ಬಾರಿಗೆ ಮತಪೆಟ್ಟಿಗೆ ಇಡಬೇಕಾಯಿತು. ದೊಡ್ಡ ಬಿಸ್ಕತ್ತಿನ ಡಬ್ಬಿಯೊಂದರ ಮುಚ್ಚಳವನ್ನು ಸೀಳಿ ಅದನ್ನು ಮಾಡಿದರು. ಎಣಿಕೆಯಾದಾಗಲೂ ನಾನು ಮೂರನೆಯವಳೇ.

ಸೋಲಿಗಿಂತ ಹೆಚ್ಚಾಗಿ, ಪ್ರಚಾರಕ್ಕೆಂದು ಮನೆಮನೆಗೆ ಹೋದಾಗ ಕಂಡದ್ದು ನನ್ನನ್ನು ಬಿಡಲಿಲ್ಲ. ಶಾಲೆಯಲ್ಲಿ ವಿಜ್ಞಾನ ಕಲಿಸುವವಳು ನಾನು. ಕಂಡದ್ದನ್ನು ಬರೆದಿಡಬೇಕು ಎಂದು ಮಕ್ಕಳಿಗೆ ಹೇಳುತ್ತಲೇ ಬಂದವಳು. ಹಾಗಾಗಿ ಬರೆದೆ. ಪುಸ್ತಕ ಮಂಗಳೂರಿನಲ್ಲಿ ಅಚ್ಚಾಯಿತು. ರಜೆ ಮುಗಿಸಿ ಬರುವವರ ಬ್ಯಾಗುಗಳಲ್ಲಿ, ಕುಚ್ಚಲಕ್ಕಿ, ಹಲಸಿನ ಹಪ್ಪಳಗಳ ನಡುವೆ ಹತ್ತು ಹದಿನೈದು ಪ್ರತಿಗಳಂತೆ ಇಲ್ಲಿಗೆ ತಲುಪಿತು. ಒಂದು ಕಂತಿನ ಪುಸ್ತಕಗಳಿಗೆಲ್ಲ ಒಣಮೀನಿನ ವಾಸನೆ ಹಿಡಿದಿತ್ತು. ಒಂಬತ್ತನೇ ತರಗತಿಯಲ್ಲಿದ್ದ ನನ್ನ ಮಗಳು ಒಂದು ಪ್ರತಿಯನ್ನು ಮೂಸಿ, ಆಚೆ ಈಚೆ ತಿರುಗಿಸಿ, "ಅಮ್ಮಾ, ಯೂ ಲಾಸ್ಟ್. ಹೂ ರೈಟ್ಸ್ ಎ ಬುಕ್ ಅಬೌಟ್ ಲೂಸಿಂಗ್?" ಎಂದಳು. ಅದು ನನಗೆ ಸಿಕ್ಕ ಮೊದಲ ಓದುಗರ ಅಭಿಪ್ರಾಯ. ಓದದೆಯೇ ಕೊಟ್ಟದ್ದು ಎಂಬ ಕಾರಣಕ್ಕೆ ಅದನ್ನು ಕಡೆಗಣಿಸಲು ಸಾಧ್ಯವಿಲ್ಲ. ಆಮೇಲೆ ಬಂದವುಗಳಲ್ಲಿ ಅರ್ಧದಷ್ಟು ಅದೇ ಜಾತಿಯವು.

ಅಭಿಪ್ರಾಯಗಳು ಬಂದದ್ದು ಬಹುಪಾಲು ವಾಟ್ಸಾಪಿನ ಧ್ವನಿ ಸಂದೇಶಗಳಾಗಿ. ದುಬೈಯ ಅಲ್ ಬರ್ಷಾ ಬಡಾವಣೆಯ ಒಬ್ಬರು ಆಫೀಸಿಗೆ ಹೋಗುವ ಮೆಟ್ರೋದಲ್ಲಿ ನಿಂತು, ಮುಂದಿನ ನಿಲ್ದಾಣದ ಘೋಷಣೆಯನ್ನೂ ಸೇರಿಸಿ ಕಳಿಸಿದ್ದರು: "ಟೀಚರ್, ಬರ್ದದ್ದು ಚಂದ ಉಂಟು. ಆದ್ರೆ ನಿಮ್ಗೆ ನಗಾಡ್ಲಿಕ್ಕೇ ಬರುದಿಲ್ವಾ ಮಾರಾಯ್ರೆ? ಪ್ರತಿ ಪುಟದಲ್ಲೂ ಒಂದು ಅನ್ಯಾಯ. ಓದಿ ಓದಿ ನಂಗೆ ಹೊಟ್ಟೆ ಉರಿ ಸುರುವಾಯ್ತು, ಅದು ನಿಮ್ಮ ಪುಸ್ತಕದ್ದಾ, ನಿನ್ನೆಯ ಬಿರಿಯಾನಿದ್ದಾ ಗೊತ್ತಿಲ್ಲ." ಇನ್ನೊಬ್ಬ ಹೆಂಗಸು, ನಾನು ಅವರ ಮನೆಯಲ್ಲಿ ಚಹಾ ಕುಡಿದದ್ದನ್ನು ಬರೆದು ನೀರುದೋಸೆ ತಿಂದದ್ದನ್ನು ಬಿಟ್ಟದ್ದಕ್ಕೆ ನೊಂದುಕೊಂಡಿದ್ದರು. ಫೋಟೋಗಳಿಲ್ಲ ಎಂದವರು ಅನೇಕರು. ಎರಡೂ ಬಣದವರು, ಪುಸ್ತಕ ಮತ್ತೊಂದು ಬಣದವರ ಕುಮ್ಮಕ್ಕಿನಿಂದ ಬಂದದ್ದು ಎಂದು ಹೇಳಿಕೊಂಡರು. ಹನ್ನೆರಡು ವರ್ಷಗಳಲ್ಲಿ ಅವರು ಒಮ್ಮತಕ್ಕೆ ಇಷ್ಟು ಹತ್ತಿರ ಬಂದದ್ದನ್ನು ನಾನು ಕಂಡಿರಲಿಲ್ಲ.

ಪುಸ್ತಕದಲ್ಲಿ ನಾನು ಯಾರ ಹೆಸರನ್ನೂ ಬರೆದಿರಲಿಲ್ಲ. ಅನ್ಯಾಯವನ್ನು ಹೇಳಬೇಕು, ಅದನ್ನು ಅನುಭವಿಸಿದವರನ್ನು ಕಾಯಬೇಕು ಎಂಬ ನಿಯಮವನ್ನು ಕಟ್ಟುನಿಟ್ಟಾಗಿ ಪಾಲಿಸಿದ್ದೇನೆ ಎಂದು ನಂಬಿದ್ದೆ. ಕರಡಿನಲ್ಲಿದ್ದ ಪ್ರತಿಯೊಂದು ಹೆಸರನ್ನೂ ಕೆಂಪು ಶಾಯಿಯಲ್ಲಿ ಹೊಡೆದು, ಆ ಜಾಗದಲ್ಲಿ ಅವರು ಇರುವ ಬಡಾವಣೆಯನ್ನೂ ಮಾಡುವ ಕೆಲಸವನ್ನೂ ಬರೆದೆ. ನನ್ನ ತಪ್ಪು ಇದೇ. ಈ ದೇಶದಲ್ಲಿ ನಮ್ಮವರು ಒಬ್ಬರನ್ನೊಬ್ಬರು ಹೆಸರಿನಿಂದ ಕರೆಯುವುದು ಎಷ್ಟು ಕಡಿಮೆ ಎಂಬುದು ನನಗೆ ಹೊಳೆಯಲೇ ಇಲ್ಲ. ಒಬ್ಬರು ಕರಾಮದ ಮಾವ, ಒಬ್ಬರು ಟೈಪಿಂಗ್ ಸೆಂಟರಿನ ಅಣ್ಣ. ಅಲ್ ನಹ್ದಾದಲ್ಲಿ ಮನೆಯಿರುವ ನಾನೇ ಇಪ್ಪತ್ತು ವರ್ಷಗಳಿಂದ ನಹ್ದಾ ಟೀಚರ್. ನನ್ನ ನಿಜವಾದ ಹೆಸರು ಗೊತ್ತಿರುವವರು ಸಂಘದಲ್ಲಿ ಕೈಬೆರಳೆಣಿಕೆಯಷ್ಟು. ಹೆಸರನ್ನು ಹೊಡೆದು ಬಡಾವಣೆಯನ್ನು ಬರೆದದ್ದೆಂದರೆ, ಯಾರಿಗೂ ಗೊತ್ತಿಲ್ಲದ್ದನ್ನು ಅಳಿಸಿ ಎಲ್ಲರಿಗೂ ಗೊತ್ತಿರುವುದನ್ನು ಅಚ್ಚು ಹಾಕಿಸಿದಂತೆ.

ಆರನೆಯ ಅಧ್ಯಾಯದಲ್ಲಿ ನಾನು ಬರೆದದ್ದು ಅಬುಧಾಬಿ ಕಡೆಯ ಬನಿಯಾಸ್‌ನ ಒಂದು ಕ್ಲಿನಿಕ್ಕಿನಲ್ಲಿ ರಿಸೆಪ್ಷನ್‌ಗೆ ಕೂರುವ ಹೆಂಗಸಿನ ಬಗ್ಗೆ. ಅವರ ಪಾಸ್‌ಪೋರ್ಟನ್ನು ಕ್ಲಿನಿಕ್ಕಿನ ಮಾಲೀಕರು "ಸೇಫ್ಟಿಗೆ" ಎಂದು ತಮ್ಮ ಕಪಾಟಿನಲ್ಲಿ ಇಟ್ಟುಕೊಂಡಿದ್ದರು. ಈ ನೆಲದ ಕಾನೂನು ಅದನ್ನು ಒಪ್ಪುವುದಿಲ್ಲ, ಆದರೂ ಇಟ್ಟುಕೊಂಡಿದ್ದರು. ಸಿಬ್ಬಂದಿಯನ್ನೆಲ್ಲ ಸಂಘದ ಸದಸ್ಯರನ್ನಾಗಿ ಮಾಡಿದ್ದವರು ಅವರೇ. ಮತದಾನದ ದಿನ ಕ್ಲಿನಿಕ್ಕಿನ ವ್ಯಾನಿನಲ್ಲಿ ಕೂರಿಸಿ ಕರೆತಂದು, ಯಾರ ಹೆಸರಿನ ಮುಂದೆ ಗುರುತು ಹಾಕಬೇಕೆಂದು ದಾರಿಯಲ್ಲೇ ಹೇಳಿದ್ದರು. ಇವನ್ನೆಲ್ಲ ಆ ಹೆಂಗಸು ನನಗೆ ತಿಳಿಸಿದ್ದು ಸಭಾಂಗಣದ ಕೈತೊಳೆಯುವ ಬೇಸಿನ್ನಿನ ಮುಂದೆ, ಐದು ನಿಮಿಷದಲ್ಲಿ. ನಾನು ಅದಕ್ಕೆ ಹದಿನಾಲ್ಕು ಪುಟ ಬರೆದೆ. ಬನಿಯಾಸ್‌ನಲ್ಲಿ ನಮ್ಮವರ ಕ್ಲಿನಿಕ್ ಇರುವುದು ಒಂದೇ. ಅದರ ರಿಸೆಪ್ಷನ್‌ನಲ್ಲಿ ಕೂರುವವರೂ ಒಬ್ಬರೇ. ಅವರನ್ನು ಎಲ್ಲರೂ ಬನಿಯಾಸ್ ಅಕ್ಕ ಎನ್ನುತ್ತಿದ್ದರು.

ಪುಸ್ತಕ ಹಂಚಿ ಮೂರು ವಾರಗಳಾದ ಮೇಲೆ ಆಕೆ ಫೋನ್ ಮಾಡಿ, "ಒಮ್ಮೆ ಬನ್ನಿ ಟೀಚರ್, ಫೋನಿನಲ್ಲಿ ಬೇಡ" ಎಂದರು. ಶನಿವಾರ ಬೆಳಿಗ್ಗೆ ಹೋದೆ. ಒಂದು ಫ್ಲಾಟಿನ ಒಂದು ಕೋಣೆ ಅವರ ಮನೆ. ಹತ್ತನೇ ತರಗತಿಯ ಮಗಳು ಮಂಚದ ಮೇಲೆ ಪುಸ್ತಕ ಹರಡಿಕೊಂಡು ಕಿವಿಗೆ ಇಯರ್‌ಫೋನ್ ಹಾಕಿ ಓದುತ್ತಿದ್ದಳು. ಗಂಡ ಕಾಯಿಲೆಯಾಗಿ ಊರಿಗೆ ಹೋದವರು ಮರಳಿರಲಿಲ್ಲ. ಮಗಳ ವೀಸಾ ತಾಯಿಯ ವೀಸಾದ ಮೇಲೆ ನಿಂತಿತ್ತು. ತಾಯಿಯ ವೀಸಾ ಮುಂದಿನ ತಿಂಗಳು ನವೀಕರಣಕ್ಕೆ ಬರುವುದಿತ್ತು.

"ಓದಿದೆ ಟೀಚರ್," ಎಂದರು ಆಕೆ. "ನೀವು ಸುಳ್ಳು ಬರೀಲಿಲ್ಲ. ಅದೇ ಕಷ್ಟ."

"ಮಾಲೀಕರು ಏನಾದರೂ ಹೇಳಿದರಾ?"

"ಬೈದ್ರೆ ಒಳ್ಳೇದಿತ್ತು. ನಗಾಡಿದ್ರು. ರಿನ್ಯೂವಲ್ ಪೇಪರ್ ಟೇಬಲ್ ಮೇಲೆ ಇಟ್ಟು, 'ನೋಡುವಾ ಅಕ್ಕ, ನಿಮ್ಮ ಕತೆಯೆಲ್ಲ ಪುಸ್ತಕದಲ್ಲಿ ಬರ್ತಾ ಉಂಟು, ದೊಡ್ಡ ಜನ ಆದ್ರಿ, ನಮ್ಮ ಸಣ್ಣ ಕ್ಲಿನಿಕ್ ನಿಮ್ಗೆ ಆಗ್ತದಾ' ಅಂದ್ರು. ಪೇಪರ್ ಅಲ್ಲೇ ಉಂಟು. ಸೈನ್ ಇಲ್ಲ."

ನಾನು ದೂರು ಕೊಡುವ ದಾರಿಗಳನ್ನು ವಿವರಿಸತೊಡಗಿದೆ. ಕಾರ್ಮಿಕ ಇಲಾಖೆಗೆ ಹೋಗಬಹುದು, ಪಾಸ್‌ಪೋರ್ಟ್ ಇಟ್ಟುಕೊಳ್ಳುವುದು ಅಪರಾಧ, ನಾನು ಜೊತೆಗೆ ಬರುತ್ತೇನೆ, ಬೇಕಾದರೆ ಸಾಕ್ಷಿ ಹೇಳುತ್ತೇನೆ. ಹೇಳಿದ್ದೆಲ್ಲವೂ ಸರಿಯಾಗಿತ್ತು. ಆಕೆ ಕ್ಲಿನಿಕ್ಕಿಗೆ ಬಂದ ರೋಗಿಯ ಮಾತು ಕೇಳುವ ತಾಳ್ಮೆಯಿಂದ ಕೊನೆಯವರೆಗೂ ಕೇಳಿಸಿಕೊಂಡರು.

"ಕಾನೂನು ಉಂಟು, ನಂಗೂ ಗೊತ್ತುಂಟು. ಗೆಲ್ಲಲೂಬಹುದು. ಆದ್ರೆ ಅದು ಮುಗಿಯುವಾಗ ಇವಳ ಬೋರ್ಡ್ ಎಕ್ಸಾಮ್ ಖಲಾಸ್ ಆಗಿರ್ತದೆ. ಪರೀಕ್ಷೆ ಮುಗಿಯುವವರೆಗೆ ನಂಗೆ ವೀಸಾ ಬೇಕು ಟೀಚರ್. ನ್ಯಾಯ ಆಮೇಲೆ." ಮಗಳ ಕಡೆ ಒಮ್ಮೆ ನೋಡಿ ಹೇಳಿದರು: "ನೀವು ಸೋತ್ರೆ ಪುಸ್ತಕ ಆಗ್ತದೆ. ನಾನು ಸೋತ್ರೆ ಊರಿಗೆ ಟಿಕೆಟ್ ಆಗ್ತದೆ."

"ನಾನು ಏನು ಮಾಡಬೇಕು, ಹೇಳಿ."

"ನಾಳೆ ನಿಮ್ಮ ಪುಸ್ತಕದ ಮೀಟಿಂಗ್ ಉಂಟಲ್ಲ. ನಮ್ಮ ಕ್ಲಿನಿಕ್ಕಿನ ಧಣಿಗಳೂ ಬರ್ತಾರಂತೆ. ಅಲ್ಲಿ ಹೇಳಿ, ಆ ಅಧ್ಯಾಯ ನೀವು ಕಟ್ಟಿ ಬರ್ದದ್ದು ಅಂತ. ಕತೆ ಅಂತ."

ಮಗಳು ಇಯರ್‌ಫೋನ್ ತೆಗೆದು ನಮ್ಮಿಬ್ಬರನ್ನೂ ನೋಡಿ, "ಅಮ್ಮ, ಈಸ್ ಎವ್ರಿಥಿಂಗ್ ಓಕೆ?" ಎಂದು ಕೇಳಿದಳು. "ಓಕೆ, ಓಕೆ, ನೀನು ಓದು," ಎಂದರು ತಾಯಿ.

ವಾಪಸ್ ದುಬೈಗೆ ಬರುವ ದಾರಿಯುದ್ದಕ್ಕೂ ನಾನು ವಾದಿಸಿದೆ; ಕಾರಿನಲ್ಲಿ ನನ್ನ ಎದುರು ಯಾರೂ ಇರಲಿಲ್ಲ. ಮೌನವೇ ಇಂಥವರನ್ನು ಬೆಳೆಸುತ್ತದೆ ಎಂದು ನಾನು ಆ ಪುಸ್ತಕದಲ್ಲೇ ಬರೆದಿದ್ದೆ. ಈಗ ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿಳಿದು, ನಿಜವನ್ನು ಸುಳ್ಳೆಂದು ಬಾಯಿಬಿಟ್ಟು ಹೇಳಬೇಕಿತ್ತು. ಆ ಕ್ಲಿನಿಕ್ಕಿನಲ್ಲಿ ಇನ್ನೂ ಎಂಟು ಹತ್ತು ಜನರ ಪಾಸ್‌ಪೋರ್ಟುಗಳಿದ್ದವು. ಅವರ ಪರವಾಗಿ ನನ್ನ ಪುಸ್ತಕವಲ್ಲದೆ ಬೇರೆ ಕಾಗದ ಎಲ್ಲಿಯೂ ಇರಲಿಲ್ಲ. ಒಬ್ಬರ ವೀಸಾವೋ, ಉಳಿದವರ ನ್ಯಾಯವೋ ಎಂದು ತೂಗಿದೆ. ಆದರೆ ಆ ಉಳಿದವರನ್ನು ನಾನು ಕೇಳಿರಲಿಲ್ಲ. ಯಾರ ಮಾತು ಕೇಳಿ ಬರೆದಿದ್ದೆನೋ ಆ ಒಬ್ಬರೂ, ಬರೆಯಿರಿ ಎಂದು ನನಗೆ ಹೇಳಿರಲಿಲ್ಲ. ಕೈತೊಳೆಯುತ್ತಾ ತಮ್ಮ ಸಂಕಟ ಹೇಳಿಕೊಂಡಿದ್ದರು, ಅಷ್ಟೇ.

ಭಾನುವಾರ ಸಂಜೆ ನಾಲ್ಕಕ್ಕೆ, ಅಲ್ ನಹ್ದಾದ ಒಂದು ಹೋಟೆಲಿನ ಮಹಡಿಯ ಪಾರ್ಟಿ ಹಾಲ್‌ನಲ್ಲಿ ಪುಸ್ತಕ ಸಂವಾದ. ಇಪ್ಪತ್ತೈದು ಮೂವತ್ತು ಜನ ಬಂದಿದ್ದರು. ಹಿಂದಿನ ಸಾಲಿನಲ್ಲಿ ಬನಿಯಾಸ್ ಅಕ್ಕ, ಕ್ಲಿನಿಕ್ಕಿನ ಇತರ ಇಬ್ಬರೊಂದಿಗೆ. ಕರೆತಂದದ್ದು ಅದೇ ವ್ಯಾನು. ಮುಂದಿನ ಸಾಲಿನಲ್ಲಿ ಧಣಿಗಳು, ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು. ನಡೆಸಿಕೊಡುವವರು ಟೈಪಿಂಗ್ ಸೆಂಟರಿನ ಅಣ್ಣ. ದಿನವಿಡೀ ಇತರರ ಅರ್ಜಿಗಳನ್ನು ತುಂಬಿ ಕೊಡುವ ಅವರಿಗೆ ಯಾವುದನ್ನೂ ಖಾಲಿ ಬಿಡುವ ಅಭ್ಯಾಸವಿಲ್ಲ. ಪ್ರತಿಯೊಬ್ಬರನ್ನೂ ಎಬ್ಬಿಸಿ ಅಭಿಪ್ರಾಯ ಹೇಳಿಸಿದರು. ಬೋಂಡ ಬಂತು. ಅಕ್ಷರ ಸಣ್ಣದಾಯಿತು ಎಂದು ಒಬ್ಬರು. ಮುಂದಿನ ಬಾರಿ ನಿಲ್ಲುತ್ತೀರಾ ಎಂದು ಒಬ್ಬರು. "ನಿಂತ್ರೆ ಇನ್ನೊಂದು ಪುಸ್ತಕ ಬರ್ತದೆ, ಬೇಡ ಮಾರಾಯ್ರೆ," ಎಂದು ಅವರ ಪಕ್ಕದವರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಕೊನೆಗೆ ಧಣಿಗಳು ಎದ್ದರು. ಸಂಘದ ದೊಡ್ಡ ಪೋಷಕರು, ಮೃದುವಾದ ಮಾತು. "ಬಹಳ ಒಳ್ಳೆ ಪುಸ್ತಕ. ಟೀಚರಿಗೆ ಅಭಿನಂದನೆ. ನಂಗೆ ಆರನೇ ಅಧ್ಯಾಯ ಎಲ್ಲಕ್ಕಿಂತ ಇಷ್ಟ ಆಯ್ತು. ಎರಡು ಸಲ ಓದಿದೆ." ಹಾಲ್‌ನಲ್ಲಿ ಬೋಂಡ ಅಗಿಯುವ ಸದ್ದೂ ನಿಂತಿತು. "ಒಂದೇ ಪ್ರಶ್ನೆ. ಅದೆಲ್ಲ ಆದದ್ದಾ, ಅಲ್ಲ ನಿಮ್ಮ ಕಲ್ಪನೆಯಾ?"

ನಾನು ಹಿಂದಿನ ಸಾಲಿನ ಕಡೆ ನೋಡಲಿಲ್ಲ. ನೋಡಿದ್ದರೆ ಎಲ್ಲರೂ ತಿರುಗುತ್ತಿದ್ದರು.

"ಕಲ್ಪನೆ," ಎಂದೆ. "ಕೇಳಿದ್ದು, ಓದಿದ್ದು, ಬೇರೆ ಬೇರೆ ಕಡೆಯದ್ದನ್ನು ಸೇರಿಸಿ ನಾನೇ ಕಟ್ಟಿದ ಕತೆ. ಅಂಥ ಒಬ್ಬ ಹೆಂಗಸು ಇಲ್ಲ. ಅದನ್ನು ಪುಸ್ತಕದಲ್ಲಿ ಸ್ಪಷ್ಟವಾಗಿ ಹೇಳಬೇಕಿತ್ತು. ಹೇಳದೆ ಇದ್ದದ್ದು ನನ್ನ ತಪ್ಪು."

"ಹಾಗಾ," ಎಂದರು ಧಣಿಗಳು. "ಕತೆ ಬರೀಲಿಕ್ಕೆ ನಿಮ್ಗೆ ಒಳ್ಳೇ ಕೈ ಉಂಟು ಟೀಚರ್. ಇನ್ನು ಕತೆಯೇ ಬರೀರಿ." ಅವರೇ ಮೊದಲು ಚಪ್ಪಾಳೆ ತಟ್ಟಿದರು. ಉಳಿದವರು ಸೇರಿಕೊಂಡರು. ಅದು ಸರ್ವಾನುಮತವೇ ಆಗಿತ್ತು.

ಮರುದಿನದಿಂದ ಹೊಸ ಅಭಿಪ್ರಾಯಗಳು ಬಂದವು. ಆರನೆಯದೇ ಸುಳ್ಳಾದರೆ ಉಳಿದವು ಏಕೆ ನಿಜವಾಗಿರಬೇಕು ಎಂದು ಒಬ್ಬರು ಕೇಳಿದರು, ನ್ಯಾಯವಾದ ಪ್ರಶ್ನೆ. ಅಲ್ ಬರ್ಷಾದವರು ಮೆಟ್ರೋದಿಂದ, "ಈಗ ನಂಗೆ ಹೊಟ್ಟೆ ಉರಿ ಇಲ್ಲ ಟೀಚರ್, ಕತೆ ಅಲ್ವಾ" ಎಂದು ಸಮಾಧಾನ ಹೇಳಿದರು. ನಾನು ಮತ ಕೇಳಲು ಹೋಗಿದ್ದ ಹೋಟೆಲಿನ ಅಡುಗೆಯವರೊಬ್ಬರು ಮಾತ್ರ ಏನೂ ಬರೆಯದೆ, ತಮಗೆ ಕೊಟ್ಟಿದ್ದ ಪ್ರತಿಯನ್ನು ನಮ್ಮ ಕಟ್ಟಡದ ವಾಚ್‌ಮನ್ ಕೈಯಲ್ಲಿ ಬಿಟ್ಟುಹೋಗಿದ್ದರು. ಅವರ ಬಗ್ಗೆ ನಾಲ್ಕನೆಯ ಅಧ್ಯಾಯದಲ್ಲಿ ಬರೆದಿದ್ದೆ. ಅದೂ ನಡೆದದ್ದೇ. ಅವರಿಗೆ ನಾನು ಫೋನ್ ಮಾಡಲಿಲ್ಲ.

ಎರಡು ವಾರದ ಬಳಿಕ, ಶಾಲೆಯ ಸ್ಟಾಫ್ ರೂಮಿನಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದಾಗ ಬನಿಯಾಸ್‌ನಿಂದ ಕರೆ ಬಂತು.

"ಟೀಚರ್, ರಿನ್ಯೂವಲ್ ಆಯ್ತು. ಎರಡು ವರ್ಷಕ್ಕೆ. ಇವಳದ್ದೂ ಆಗ್ತದಂತೆ."

"ಒಳ್ಳೆಯದಾಯಿತು," ಎಂದೆ. ನಿಜವಾಗಿಯೂ ಒಳ್ಳೆಯದಾಗಿತ್ತು. ಮಗಳು ಪರೀಕ್ಷೆಗೆ ಕೂರುತ್ತಾಳೆ. ನಾನು ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಇಪ್ಪತ್ತು ವರ್ಷ ಪಾಠ ಮಾಡಿದ ರೂಢಿ ಬಾಯಿ ಮುಚ್ಚಲು ಬಿಡಲಿಲ್ಲ.

"ಮತ್ತೆ ಪಾಸ್‌ಪೋರ್ಟ್? ಅದನ್ನು ಕೈಗೆ ಕೊಟ್ಟರಾ?"

ಆ ಕಡೆ ಯಾರೋ ರೋಗಿ ಟೋಕನ್ ಕೇಳುತ್ತಿದ್ದರು. ಆಕೆ ಅವರಿಗೆ ಹಿಂದಿಯಲ್ಲಿ ಕುಳಿತುಕೊಳ್ಳಲು ಹೇಳಿದ್ದು ಕೇಳಿಸಿತು. ಮತ್ತೆ ಫೋನಿಗೆ ಬಂದರು.

"ಊಟ ಆಯ್ತಾ ಟೀಚರ್?"

"ಆಯಿತು," ಎಂದೆ. ಆಗಿರಲಿಲ್ಲ.