ಕಾಫಿ ಕಣದಲ್ಲಿ ಪುಷ್ಪಕ್ಕನ ಬೇಸಿಗೆ ಶಿಬಿರ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬಾಳ್ಳುಪೇಟೆಯಿಂದ ಒಳಗೆ ಹೋದರೆ ಸಿಗುವ ಕಾಫಿ ಎಸ್ಟೇಟೊಂದರ ಕಣದಲ್ಲಿ ಪುಷ್ಪಾ ಕಸ ಗುಡಿಸುತ್ತಿದ್ದಾರೆ. ಕೊಯ್ಲು ಮುಗಿದು ಕಾಫಿಯೆಲ್ಲ ಮೂಟೆ ಸೇರಿದ ಮೇಲೆ ಈ ಸಿಮೆಂಟು ನೆಲಕ್ಕೆ ಬೇರೆ ಕೆಲಸವಿಲ್ಲ. ಏಪ್ರಿಲ್, ಮೇ ಪೂರ್ತಿ ಇದು ತೋಟದ ಆಳುಗಳ ಲೈನ್ ಮನೆಗಳ ಮಕ್ಕಳಿಗೆ ಸ್ಲೇಟು. ಇದ್ದಿಲು ಹಿಡಿದು ಕೂತರೆ ಬರೆದಷ್ಟೂ ಜಾಗ ಮುಗಿಯುವುದಿಲ್ಲ. ಬಿಸಿಲೇರಿದ ಮೇಲೆ ಎಲ್ಲರೂ ಪಕ್ಕದ ಹಲಸಿನ ಮರದಡಿಗೆ ಓಡುತ್ತಾರೆ.

ಪೇಟೆಯಲ್ಲಿ ಬೇಸಿಗೆ ಶಿಬಿರದ ಬ್ಯಾನರುಗಳು ಯುಗಾದಿಗೇ ಎದ್ದುಬಿಡುತ್ತವೆ. ರೋಬೋ ಮಾಡಿ, ಕುದುರೆ ಹತ್ತಿ, ಈಜು ಕಲಿಯಿರಿ ಅಂತ. ಇಲ್ಲಿ ಬ್ಯಾನರೂ ಇಲ್ಲ, ಕುದುರೆಯೂ ಇಲ್ಲ. ಫೀಸು, ಮಗುವಿಗೊಂದು ಹಿಡಿ ಅಕ್ಕಿ. ಎಲ್ಲವೂ ಒಂದೇ ಪಾತ್ರೆಗೆ ಬಿದ್ದು ಮಧ್ಯಾಹ್ನ ಚಿತ್ರಾನ್ನವಾಗುತ್ತದೆ.

"ಅಕ್ಕಿ ತರದಿದ್ದೋರಿಗೂ ಅದೇ ಚಿತ್ರಾನ್ನ ಕಣ್ರೀ. ಯಾರು ತಂದ್ರು, ಯಾರು ತರ್ಲಿಲ್ಲ ಅಂತ ನಾನು ನೋಡಕ್ಕೇ ಹೋಗಲ್ಲ" ಎನ್ನುತ್ತಾರೆ ಪುಷ್ಪಾ.

ಇಪ್ಪತ್ತಕ್ಕೂ ಹೆಚ್ಚು ಮಕ್ಕಳು. ಮಗ್ಗಿ, ಓದು, ಹಾಡು, ಮಣ್ಣಿನ ಗೊಂಬೆ. ಎಸ್ಸೆಸ್ಸೆಲ್ಸಿವರೆಗೆ ಓದಿರುವ ಪುಷ್ಪಾ ಇದೇ ತೋಟದ ಆಳು. ರಜೆಯ ಈ ಎರಡು ತಿಂಗಳು ಕೂಲಿ ಬಿಟ್ಟು ಮಕ್ಕಳ ಜತೆ ಇರುತ್ತಾರೆ. ಯಾಕೆಂದು ಕೇಳಿದರೆ ಆನೆಯ ಮಾತಿನಿಂದ ಶುರು ಮಾಡುತ್ತಾರೆ.

ಈ ಕಡೆ ಆನೆ ಬಂತೆಂದರೆ, ತೋಟಕ್ಕೆ ಹೊರಟ ತಾಯಂದಿರು ಮಕ್ಕಳನ್ನು ಒಳಗೆ ಕೂರಿಸಿ ಹೊರಗಿನಿಂದ ಬೀಗ ಹಾಕುತ್ತಾರೆ. ಶಾಲೆಯಿಲ್ಲದ ದಿನಗಳಲ್ಲಿ ಬೇರೆ ದಾರಿಯಿಲ್ಲ. ಆರು ವರ್ಷದ ಹಿಂದಿನ ಬೇಸಿಗೆಯಲ್ಲಿ ಪುಷ್ಪಾ ಕೂಡ ಮಗಳು ಮಾನಸಾಳನ್ನು ಹಾಗೇ ಬಿಟ್ಟು ಕೆಲಸಕ್ಕೆ ಹೋಗಿದ್ದರು.

"ಆನೆಗೆ ಹೆದರ್ಕಂಡು ಬೀಗ ಹಾಕ್ಬುಟ್ಟೆ. ಹಾವು ಒಳಗೇ ಇತ್ತು. ಅವ್ವಾ ಅವ್ವಾ ಅಂತ ಕೂಗ್ಕಂಡಳಂತೆ. ಪಕ್ಕದ್ಮನೆ ಅಜ್ಜಿ ಬೀಗ ಜಗ್ಗಿ ಜಗ್ಗಿ ಸೋತೋಯ್ತು. ಬೀಗದ ಕೈ ನನ್ನ ಸೊಂಟದಲ್ಲಿತ್ತು."

ಮಗಳ ಸಾವಿಗೆ ಪುಷ್ಪಾ ಅವರನ್ನು ಯಾರೂ ದೂರಲಿಲ್ಲ, ಎಲ್ಲರ ಮನೆಯ ಪಾಡೂ ಅದೇ. ಮರುವರ್ಷ ರಜೆ ಶುರುವಾದಾಗ ಅವರೇ ಮನೆಮನೆಗೆ ಹೋಗಿ, ಮಕ್ಕಳನ್ನು ನನ್ನ ಹತ್ತಿರ ಬಿಡಿ ಎಂದು ಕೇಳಿಕೊಂಡರು.

ಈಗ ಆ ಶಿಬಿರಕ್ಕೇ ಕುತ್ತು ಬಂದಿದೆ. ಪಕ್ಕದ ತೋಟದಲ್ಲಿ ಮರಿಯಾನೆ ಇರುವ ಹಿಂಡೊಂದು ಬೀಡುಬಿಟ್ಟಿದೆ. ಕಣಕ್ಕೆ ಬೇಲಿಯಿಲ್ಲ. ನಾನು ಅಲ್ಲಿರುವಾಗಲೇ ಎಸ್ಟೇಟಿನ ಲೆಕ್ಕಪತ್ರ ನೋಡುವ ರೈಟರ್ ಯೋಗಾನಂದ ಬರುತ್ತಾರೆ.

"ಪುಷ್ಪಕ್ಕ, ನಾಳೆಯಿಂದ ಇಲ್ಲಿ ಬ್ಯಾಡ ಕಣವ್ವಾ. ಏನಾರ ಆದ್ರೆ ಯಾರು ಹೊಣೆ?"

"ನಿಲ್ಸುದ್ರೆ ನಾಳೆ ಎಲ್ಲರ ಬಾಗ್ಲಿಗೂ ಬೀಗ ಬೀಳ್ತೈತೆ ರೈಟ್ರೇ."

"ಸ್ಟೋರ್ ಕೊಡಕ್ಕಾಗಲ್ಲ, ಗಿಡಕ್ಕೆ ಹೊಡೆಯೋ ಔಷಧಿ ಡಬ್ಬ ತುಂಬೈತೆ. ಬೇರೆ ಜಾಗ ಎಲ್ಲೈತೆ, ನೀನೇ ಹೇಳು."

ಪುಷ್ಪಾ ಲೈನಿನ ಕೊನೆಯ ಮನೆಯತ್ತ ಕೈ ತೋರಿಸುತ್ತಾರೆ. ಮಾನಸಾ ತೀರಿಕೊಂಡ ಮನೆ ಅದು. ಮಗಳನ್ನು ಮಣ್ಣು ಮಾಡಿ ಬಂದವರು ತಂಗಿಯ ಮನೆ ಸೇರಿದರು, ಮತ್ತೆ ಆ ಹೊಸ್ತಿಲು ದಾಟಿಲ್ಲ. ಬೇರೆ ಯಾರೂ ಅಲ್ಲಿ ಸಂಸಾರ ಹೂಡಲು ಒಪ್ಪಿಲ್ಲ.

"ಅಲ್ಲಾ ಪುಷ್ಪಕ್ಕ, ಅಲ್ಲಿ..." ಎನ್ನುತ್ತಾರೆ ಯೋಗಾನಂದ.

"ಬಿಲ ಮುಚ್ಚಿಸಿ, ಸುಣ್ಣ ಹೊಡೆಸ್ಕೊಡಿ ಸಾಕು. ನಾನು ಬಾಗ್ಲಲ್ಲೇ ಕೂತಿರ್ತೀನಿ" ಎನ್ನುತ್ತಾರೆ ಪುಷ್ಪಾ. "ಒಳಗಿಂದ ಯಾವ ಮಗು ಕೂಗುದ್ರೂ ನಂಗೆ ಕೇಳಿಸ್ಬೇಕು, ಅಷ್ಟೇ."