ಪರದೆಯ ಮೇಲೆ ನಿಂತ ಗಾಣ

ಸಿಂಧಘಟ್ಟದ ಹೊರಗಿನ ಒಂದು ಆಲೆಮನೆಯಲ್ಲಿ, ಕಬ್ಬರೆಯುವ ಗಾಣದಿಂದ ಎರಡು ಹೆಜ್ಜೆ ಎಡಕ್ಕೆ, ನಾನೇ ಕಂಬಕ್ಕೆ ಬಿಗಿದಿದ್ದ ಪೆಟ್ಟಿಗೆಯ ಮುಂದೆ ನಿಂತಿದ್ದೆ. ಮಂಗಳವಾರ, ಬೆಳಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷ. ಗಂಟೆಯನ್ನು ಪೆಟ್ಟಿಗೆಯ ಪರದೆಯಿಂದ ಓದಿದ್ದಲ್ಲ, ಕೈಗಡಿಯಾರದಿಂದ ಓದಿದ್ದು. ಆ ಪರದೆ ಹೇಳಿದ್ದನ್ನು ನಾನು ಈಗ ಸಾಕ್ಷಿಯಾಗಿ ಕೊಡುವುದಿಲ್ಲ.

ಪಾಂಡವಪುರದಲ್ಲಿ ನನ್ನ ಅಂಗಡಿ. ಪಂಪ್‌ಸೆಟ್ಟುಗಳಿಗೆ ಆಟೋ ಸ್ಟಾರ್ಟರ್ ಪೆಟ್ಟಿಗೆ ಮಾಡುತ್ತೇನೆ. ನಮ್ಮ ಕಡೆ ತ್ರೀ ಫೇಸ್ ಕರೆಂಟು ತನಗೆ ಬೇಕೆನಿಸಿದಾಗ ಬರುತ್ತದೆ. ಆಗ ರೈತ ಗದ್ದೆಯಲ್ಲಿರುವುದಿಲ್ಲ. ಕರೆಂಟು ಬಂದ ಕೂಡಲೇ ಮೋಟಾರು ತಾನಾಗಿಯೇ ಓಡಬೇಕು. ಆಲೆಮನೆಯ ಯಜಮಾನರಿಗೆ ಅವರ ಪಂಪ್‌ಸೆಟ್ಟಿನ ಪೆಟ್ಟಿಗೆ ಹಿಡಿಸಿತ್ತು, ಗಾಣಕ್ಕೂ ಅಂಥದ್ದೇ ಬೇಕೆಂದರು. ನಾನು ಒಂದು ಪರದೆಯನ್ನೂ ನಿಲ್ಲಿಸುವ ಗುಂಡಿಯನ್ನೂ ಸೇರಿಸಿ ಕೊಟ್ಟೆ. ಓಡುತ್ತಿದ್ದಾಗ ಕರೆಂಟು ಹೋದರೆ, ಬಂದ ಮೇಲೆ ಓಡಬೇಕು. ಗುಂಡಿ ಒತ್ತಿದ್ದರೆ ಸುಮ್ಮನಿರಬೇಕು. ಅದರ ಕೆಲಸ ಇಷ್ಟೇ.

ಅಂದು ಗಾಣ ಓಡುತ್ತಿದ್ದಾಗ ಕರೆಂಟು ಹೋಯಿತು. ರೋಲರುಗಳ ನಡುವೆ ಕಬ್ಬು ಕಚ್ಚಿಕೊಂಡಿತ್ತು. ಗಾಣಕ್ಕೆ ಕಬ್ಬು ಕೊಡುವಾತ ಗುಂಡಿ ಒತ್ತಿದ. ಪೆಟ್ಟಿಗೆಗೆ ಬ್ಯಾಟರಿ ಇತ್ತಾದ್ದರಿಂದ ಪರದೆ ಬೆಳಗುತ್ತಲೇ ಇತ್ತು: ‘ನಿಂತಿದೆ’.

ಆ ಆಲೆಮನೆಯಲ್ಲಿ ಒಂದು ರೂಢಿ ಇದೆ. ರೋಲರಿಗೆ ಕೈ ಹಾಕುವ ಮೊದಲು, ಮೋಟಾರಿನಿಂದ ಗಾಣವನ್ನು ತಿರುಗಿಸುವ ಬೆಲ್ಟನ್ನು ಕೋಲಿನಿಂದ ಮೀಟಿ ಕೆಳಗೆ ಬೀಳಿಸುತ್ತಾರೆ. ಮತ್ತೆ ಏರಿಸಲು ಇಬ್ಬರು ಹೆಣಗಬೇಕು. ಇನ್ನು ಮುಂದೆ ಅದರ ಅಗತ್ಯವಿಲ್ಲ, ಪರದೆ ನೋಡಿದರೆ ಸಾಕು ಎಂದು ನಾನು ಆತನಿಗೆ ಹೇಳಿದೆ. ಓದಿದವನ ಮಾತೆಂದು ಆತ ಒಪ್ಪಿಕೊಂಡು ಅಂಗಿಯ ತೋಳು ಮೇಲೇರಿಸಿದ.

ಕಬ್ಬಿನ ಹೊರೆ ಬಿಚ್ಚುತ್ತಿದ್ದ ಆತನ ಹೆಂಡತಿ ತಲೆ ಎತ್ತಿ ಗಂಡನತ್ತ ನೋಡಿದಳು.

“ಅದು ನಿಂತೈತೆ ಅಂತ ಯೋಳ್ತದೆ, ಸರಿ. ಒಳೀಕೋಗದು ಅದ್ರ ಕೈಯಾ, ನಿಮ್ಮ ಕೈಯಾ?”

ಕೊಪ್ಪರಿಗೆಯ ಬಳಿ ಪಾಕ ನೋಡುತ್ತಿದ್ದ ಹಿರಿಯರು ಸೌಟು ಎತ್ತಿದವರು ಎತ್ತಿದಂತೆಯೇ, “ಬೆಲ್ಟ್ ತೆಗಿಲಾ. ಇಲ್ದಿದ್ರೆ ಇವತ್ತು ಮನೇಲಿ ಮುದ್ದೆ ಉಟ್ಟಾಕಿಲ್ಲ ನಿಂಗೆ” ಎಂದರು.

ಎಲ್ಲರೂ ನಕ್ಕರು. ನಾನೂ ನಕ್ಕೆ, ಇದನ್ನು ಬಿಟ್ಟು ಬರೆಯುವುದು ಸರಿಯಲ್ಲ. ಆತ ನನ್ನ ಮುಖ ನೋಡಿ ಸಂಕೋಚದಿಂದ ಕೋಲು ಹಿಡಿದು ಬೆಲ್ಟ್ ಬೀಳಿಸಿ ಬಂದ.

ಹನ್ನೊಂದು ಇಪ್ಪತ್ತಾರಕ್ಕೆ ಕರೆಂಟು ಬಂತು. ಮೋಟಾರು ಓಡಿತು. ಆತನ ಬಲಗೈ ಮಣಿಕಟ್ಟಿನವರೆಗೆ ರೋಲರುಗಳ ನಡುವೆ ಇತ್ತು. ಬೆಲ್ಟು ನೆಲದ ಮೇಲಿತ್ತು. ಪರದೆಯ ಮೇಲೆ ‘ನಿಂತಿದೆ’ ಎಂದಿತ್ತು. ಇವಿಷ್ಟನ್ನೂ ನಾನು ಕತ್ತು ತಿರುಗಿಸದೆ, ನಿಂತಲ್ಲಿಂದಲೇ ಕಂಡೆ.

ಆತ ಕೈಯನ್ನು ಹೊರಗೆ ತೆಗೆದ. ಕೈಯಲ್ಲಿ ಕಬ್ಬಿನ ಸಿಬಿರು ಇತ್ತು. ಅದನ್ನು ಬುಟ್ಟಿಗೆ ಹಾಕಿ, ಅಂಗೈ ನೋಡಿ, ಹಿಂಗೈ ನೋಡಿ, ಮೇಲೇರಿಸಿದ್ದ ತೋಳನ್ನು ಕೆಳಗಿಳಿಸಿದ. ಹೆಂಡತಿ ಹೋಗಿ ಮೇನ್ ಸ್ವಿಚ್ ಎಳೆದಳು. ನಾನು ಗುಂಡಿಯನ್ನು ಇನ್ನೊಮ್ಮೆ ಒತ್ತಿದೆನಂತೆ. ನನಗೆ ನೆನಪಿಲ್ಲ.

“ನಿಮ್ ಪೆಟ್ಗೆ ಸುಳ್ಳು ಯೋಳ್ತು ಸಾ” ಎಂದಳು.

ಸುಳ್ಳಲ್ಲ, ತನಗೆ ತಿಳಿದಿದ್ದನ್ನು ಹೇಳಿತು ಎಂದೆ. ಹಾಗಾದರೆ ಮೋಟಾರನ್ನು ಒಂದು ಮಾತು ಕೇಳಿ ಹೇಳಬೇಕಿತ್ತು ಎಂದಳು.

ಅಂಗಡಿಗೆ ಬಂದು ನಾಲ್ಕು ದಿನ ಹುಡುಕಿದೆ. ಪೆಟ್ಟಿಗೆಯನ್ನು ನಡೆಸುವ ಚಿಪ್‌ನೊಳಗೆ ಎರಡು ಪ್ರೊಸೆಸರುಗಳಿವೆ. ಒಂದು ಗುಂಡಿಯನ್ನೂ ಪರದೆಯನ್ನೂ ನೋಡಿಕೊಳ್ಳುತ್ತದೆ, ಇನ್ನೊಂದು ಸ್ಟಾರ್ಟರನ್ನು. ಒಂದು ಮೆಮೊರಿಯಲ್ಲಿ ಬರೆದದ್ದನ್ನು ಇನ್ನೊಂದು ಓದಬೇಕು. ಆದರೆ ಮೆಮೊರಿ ನಿಧಾನ. ಹಾಗಾಗಿ ಮೊದಲನೆಯದು ತಾನು ಬರೆದದ್ದನ್ನು ತನ್ನ ಪಕ್ಕದಲ್ಲೇ ಇರುವ ಡೇಟಾ ಕ್ಯಾಶ್ ಎಂಬ ಚಿಕ್ಕ ಜಾಗದಲ್ಲಿ ಇಟ್ಟುಕೊಳ್ಳುತ್ತದೆ. ಆ ಜಾಗ ಬೇರೆಯದಕ್ಕೆ ಬೇಕಾದಾಗ ಮಾತ್ರ ಮೆಮೊರಿಗೆ ಕಳಿಸುತ್ತದೆ. ಅಲ್ಲಿಯವರೆಗೆ ತಾನೇ ಬರೆದದ್ದನ್ನು ತಾನೇ ಓದಿದರೆ ಸರಿಯಾದ ಉತ್ತರವೇ ಸಿಗುತ್ತದೆ. ಪರದೆಯ ಮೇಲೆ ಬಂದದ್ದು ಆ ಉತ್ತರ. ಸ್ಟಾರ್ಟರಿನ ಪ್ರೊಸೆಸರು ಓದಿದ್ದು ಮೆಮೊರಿಯನ್ನು. ಅಲ್ಲಿ ಹಳೆಯ ಮಾತೇ ಇತ್ತು: ಓಡು.

ಕ್ಯಾಶಿನಲ್ಲಿರುವುದನ್ನು ಈಗಲೇ ಹೊರಗೆ ತಳ್ಳು ಎನ್ನಲು ಒಂದು ಆಜ್ಞೆ ಇದೆ. ತಳ್ಳಿದ್ದೂ ನೇರ ಮೆಮೊರಿಗೆ ಹೋಗುವುದಿಲ್ಲ. ರೈಟ್ ಬಫರ್ ಎಂಬ ಸಾಲಿನಲ್ಲಿ ನಿಲ್ಲುತ್ತದೆ. ಆ ಸಾಲು ಖಾಲಿಯಾಗುವವರೆಗೆ ಕಾಯಲು ಇನ್ನೊಂದು ಆಜ್ಞೆ. ನಾನು ಎರಡನ್ನೂ ಬರೆದಿರಲಿಲ್ಲ.

ಅಂಗಡಿಯಲ್ಲಿ ಪರೀಕ್ಷಿಸಿದಾಗ ಒಮ್ಮೆಯೂ ತಪ್ಪಿರಲಿಲ್ಲ. ಕಾರಣವನ್ನು ನಾಲ್ಕನೆಯ ದಿನ ಕಂಡೆ. ಪರೀಕ್ಷೆಗೆಂದು ಪ್ರತಿ ಹೆಜ್ಜೆಯನ್ನೂ ಲ್ಯಾಪ್‌ಟಾಪಿಗೆ ಬರೆದು ಕಳಿಸುವ ಸಾಲುಗಳನ್ನು ಸೇರಿಸಿದ್ದೆ. ಅಷ್ಟು ಬರವಣಿಗೆಗೆ ಕ್ಯಾಶ್ ತುಂಬಿ, ಜಾಗಕ್ಕಾಗಿ ಹಳೆಯದು ಹೊರಗೆ ಹೋಗುತ್ತಿತ್ತು; ಅದರ ಜೊತೆ ನನ್ನ ‘ನಿಲ್ಲು’ ಕೂಡ. ಎಲ್ಲ ಸರಿಯಿದೆ ಎಂದು ಖಾತ್ರಿಯಾದ ಮೇಲೆ ಆ ಸಾಲುಗಳನ್ನು ತೆಗೆದು, ಪೆಟ್ಟಿಗೆಯನ್ನು ಬಟ್ಟೆಯಿಂದ ಒರೆಸಿ, ಸಿಂಧಘಟ್ಟಕ್ಕೆ ಒಯ್ದಿದ್ದೆ.

ಈಗ ಆ ಎರಡೂ ಆಜ್ಞೆಗಳಿವೆ. ಪರದೆ ತನ್ನ ಪ್ರೊಸೆಸರನ್ನು ನಂಬುವುದಿಲ್ಲ. ಸ್ಟಾರ್ಟರು ಮೋಟಾರಿನ ಕರೆಂಟನ್ನು ನಿಜವಾಗಿ ಕಡಿದಿದೆಯೇ ಎಂದು ಕೇಳಿ, ಆ ಕಡೆಯಿಂದ ಉತ್ತರ ಬಂದ ಮೇಲೆಯೇ ‘ನಿಂತಿದೆ’ ಎನ್ನುತ್ತದೆ. ಗಾಣ ತಾನಾಗಿ ಓಡುವುದನ್ನು ಪೂರ್ತಿ ತೆಗೆದಿದ್ದೇನೆ. ಪೆಟ್ಟಿಗೆಯನ್ನು ಮತ್ತೆ ಬಿಗಿದ ದಿನ ಆಕೆ ಒಂದೇ ಪ್ರಶ್ನೆ ಕೇಳಿದಳು.

“ಬೆಲ್ಟ್ ತೆಗ್ದೇ ಕೈ ಆಕದು, ಅಲ್ವಾ ಸಾ?”

ತೆಗೆದೇ ಹಾಕುವುದು ಎಂದೆ.

ಅಂದು ಅದನ್ನು ಕಂಡವರು ನನ್ನನ್ನು ಬಿಟ್ಟು ಮೂವರು. ಪಾಕ ನೋಡುತ್ತಿದ್ದ ಹಿರಿಯರು ಈಗಿಲ್ಲ. ಕಬ್ಬು ಕೊಡುವಾತ ಇದ್ದಾನೆ, ಅದೇ ಗಾಣದಲ್ಲಿ, ಎರಡೂ ಕೈಯಿಂದ ಕೊಡುತ್ತಿದ್ದಾನೆ. ಆದರೆ ದಾಕ್ಷಿಣ್ಯದವನು, ಕೇಳಿದರೆ ಪೆಟ್ಟಿಗೆ ಚೆನ್ನಾಗಿಯೇ ಇತ್ತು ಎನ್ನುತ್ತಾನೆ. ಆತನ ಹೆಂಡತಿಯೂ ಇದ್ದಾಳೆ. ನನ್ನ ಮಾತಿನಲ್ಲಿ ಅನುಮಾನವಿದ್ದವರು ಆಕೆಯನ್ನು ಕೇಳಬಹುದು.